70ಎಸ್ ಮತ್ತು 80ಎಸ್: ಬ್ಯಾಕ್ಟೀರಿಯಾ, ಯೀಸ್ಟ್ ರೈಬೋಸೋಮ್‌ಗಳನ್ನು ಬೇರ್ಪಡಿಸಿ ಗುರುತಿಸುವ ಬಗೆ

ಪಿಯುಸಿ ಜೀವಶಾಸ್ತ್ರದಲ್ಲಿ ಈ ವಿಷಯ ಒಂದೇ ಸಾಲಿಗೆ ಮುಗಿದುಬಿಡುತ್ತದೆ: ಪ್ರೋಕ್ಯಾರಿಯೋಟ್‌ಗಳಲ್ಲಿ (ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಾದಂಥವು) 70ಎಸ್ ರೈಬೋಸೋಮ್ (ಪ್ರೋಟೀನ್ ಕಟ್ಟುವ ಕಣ), ಯೂಕ್ಯಾರಿಯೋಟ್‌ಗಳಲ್ಲಿ (ಕೋಶಕೇಂದ್ರವಿರುವ ಯೀಸ್ಟ್, ಗಿಡ, ಪ್ರಾಣಿ) 80ಎಸ್. ಪರೀಕ್ಷೆಗೆ ಅಷ್ಟು ಸಾಕು. ಇವೆರಡನ್ನೂ ಕೋಶದಿಂದ ಹೊರತೆಗೆದು ಟ್ಯೂಬಿನಲ್ಲಿ ಬೇರೆಬೇರೆಯಾಗಿ ನೋಡಬೇಕೆಂದು ಹೊರಟರೆ ಆ ಸಾಲು ಸಾಲದು. ಕೋಶ ಒಡೆಯುವ ವಿಧಾನ, ಬಫರಿನ ಉಪ್ಪು, ರೈಬೋಸೋಮನ್ನು ನಿಲ್ಲಿಸುವ ಔಷಧ, ಜೆಲ್ ಓದುವ ಕ್ರಮ, ಎಲ್ಲದರಲ್ಲೂ ಎರಡರ ದಾರಿ ಬೇರೆ. ಒಂದಕ್ಕೆಂದು ಬರೆದ ಪ್ರೊಟೊಕಾಲನ್ನು ಇನ್ನೊಂದಕ್ಕೆ ಹಾಗೆಯೇ ಬಳಸಿದಾಗಲೇ ಹೆಚ್ಚಿನ ಪ್ರಯೋಗಗಳು ಕೆಡುವುದು.

ಇಲ್ಲಿ ವಿವರಿಸಿರುವುದು ಇ. ಕೋಲಿ ಮತ್ತು ಬೇಕರಿ ಯೀಸ್ಟ್ (ಸ್ಯಾಕರೋಮೈಸಿಸ್ ಸೆರೆವಿಸಿಯೆ) ಎರಡನ್ನೂ ಒಂದೇ ರೋಟರಿನಲ್ಲಿ ಅಕ್ಕಪಕ್ಕ ಓಡಿಸಿ ಹೋಲಿಸುವ ವಿಧಾನ. ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದ ಕಾಲೇಜುಗಳಲ್ಲಿ ಮಾಡಬಹುದಾದ ಪ್ರಯೋಗಗಳು ಕೊನೆಯ ಭಾಗದಲ್ಲಿವೆ.

ಮೊದಲು ಗೊತ್ತಿರಬೇಕಾದ ಅಂಕಿಗಳು

ಇ. ಕೋಲಿಯ 70ಎಸ್ ರೈಬೋಸೋಮಿನ ತೂಕ ಸುಮಾರು 25 ಲಕ್ಷ ಡಾಲ್ಟನ್. ಅದರ ಚಿಕ್ಕ ಘಟಕ 30ಎಸ್. ಅದರಲ್ಲಿ 1,542 ನ್ಯೂಕ್ಲಿಯೊಟೈಡ್‌ಗಳ 16ಎಸ್ ಆರ್‌ಎನ್‌ಎ ಮತ್ತು 21 ಪ್ರೋಟೀನ್‌ಗಳಿವೆ. ದೊಡ್ಡ ಘಟಕ 50ಎಸ್. ಅದರಲ್ಲಿ 2,904 ನ್ಯೂಕ್ಲಿಯೊಟೈಡ್‌ಗಳ 23ಎಸ್, 120ರ 5ಎಸ್ ಮತ್ತು 33 ಪ್ರೋಟೀನ್‌ಗಳಿವೆ. ಯೀಸ್ಟಿನ 80ಎಸ್ ಸುಮಾರು 33 ಲಕ್ಷ ಡಾಲ್ಟನ್ ತೂಗುತ್ತದೆ. ಅದರ 40ಎಸ್‌ನಲ್ಲಿ 1,800ರ 18ಎಸ್ ಮತ್ತು 33 ಪ್ರೋಟೀನ್; 60ಎಸ್‌ನಲ್ಲಿ 3,396ರ 25ಎಸ್, 158ರ 5.8ಎಸ್, 121ರ 5ಎಸ್ ಮತ್ತು 46 ಪ್ರೋಟೀನ್. ಮನುಷ್ಯನ 80ಎಸ್ ಇನ್ನೂ ದೊಡ್ಡದು, ಸುಮಾರು 43 ಲಕ್ಷ ಡಾಲ್ಟನ್. ಅಲ್ಲಿ 25ಎಸ್ ಜಾಗದಲ್ಲಿ ಐದು ಸಾವಿರ ನ್ಯೂಕ್ಲಿಯೊಟೈಡ್ ಮೀರಿದ 28ಎಸ್ ಇದೆ. ಈ ಹೆಚ್ಚುವರಿ ಆರ್‌ಎನ್‌ಎ ಬಹುಪಾಲು ರೈಬೋಸೋಮಿನ ಹೊರಮೈಯಲ್ಲಿ ಚಾಚಿಕೊಂಡಿರುತ್ತದೆ. ಪೆಪ್ಟೈಡ್ ಬಂಧ ಬೆಸೆಯುವ ಒಳಭಾಗ ಎರಡರಲ್ಲೂ ಬಹುತೇಕ ಒಂದೇ, ಮತ್ತು ಎರಡರಲ್ಲೂ ಆ ಕೆಲಸ ಮಾಡುವುದು ಆರ್‌ಎನ್‌ಎಯೇ. ಚಿದಂಬರಂನಲ್ಲಿ ಹುಟ್ಟಿ ಬರೋಡಾದಲ್ಲಿ ಓದಿದ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನಾತ್ ಅವರಿಗೆ 2009ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ರೈಬೋಸೋಮಿನ ಈ ರಚನೆಯನ್ನು ಬಿಡಿಸಿದ್ದಕ್ಕೆ.

30 ಮತ್ತು 50 ಕೂಡಿದರೆ 80 ಆಗಬೇಕಲ್ಲ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತದೆ. ‘ಎಸ್’ ಎಂದರೆ ಸ್ವೆಡ್‌ಬರ್ಗ್ ಏಕಮಾನ, 10ರ ಮೈನಸ್ 13ನೇ ಘಾತದಷ್ಟು ಸೆಕೆಂಡ್. ಕೇಂದ್ರಾಪಗಾಮಿ ಬಲದಲ್ಲಿ ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬುದರ ಅಳತೆ ಅದು. ತೂಕದ ಜೊತೆಗೆ ಆಕಾರ, ದ್ರವದ ಘರ್ಷಣೆ ಎರಡೂ ಅದರಲ್ಲಿ ಸೇರಿವೆ. ಎರಡು ಘಟಕಗಳು ಮುಖಾಮುಖಿ ಅಂಟಿಕೊಂಡಾಗ ದ್ರವಕ್ಕೆ ಒಡ್ಡಿಕೊಂಡ ಮೇಲ್ಮೈ ಕಡಿಮೆಯಾಗುತ್ತದೆ, ಆದ್ದರಿಂದ ಅಂಕಿಗಳನ್ನು ಕೂಡಲಾಗದು.

ಕೋಶ ಬೆಳೆಸಿ ನಿಲ್ಲಿಸುವುದು

ಇ. ಕೋಲಿ 50 ಮಿ.ಲೀ. ಸಾಕು. ಎಲ್‌ಬಿ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಓಡಿ600 (600 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದ ಕಲ್ಚರಿನ ಮಬ್ಬು) 0.4ರಿಂದ 0.5 ಆಗುವವರೆಗೆ ಬೆಳೆಸಿ. ಯೀಸ್ಟ್ 200 ಮಿ.ಲೀ. ಬೇಕು, ವೈಪಿಡಿ ಮಾಧ್ಯಮ, 30 ಡಿಗ್ರಿ, ಓಡಿ600 0.6ರಿಂದ 0.8. ಒಂದು ಯೀಸ್ಟ್ ಕೋಶದಲ್ಲಿ ಎರಡು ಲಕ್ಷದಷ್ಟು ರೈಬೋಸೋಮ್‌ಗಳಿದ್ದರೂ, ಅದೇ ಓಡಿಗೆ ಯೀಸ್ಟ್ ಕೋಶಗಳ ಸಂಖ್ಯೆ ಇ. ಕೋಲಿಗಿಂತ ಬಹಳ ಕಡಿಮೆ. ಎರಡಕ್ಕೂ 50 ಮಿ.ಲೀ. ಎಂದು ಹೊರಟರೆ ಯೀಸ್ಟಿನ ಪೀಕ್ (ಯುವಿ ಮಾನಿಟರ್ ಬರೆಯುವ ಗೆರೆಯಲ್ಲಿನ ಉಬ್ಬು) ಬೇಸ್‌ಲೈನಿಗೆ ಅಂಟಿಕೊಂಡಿರುತ್ತದೆ.

ರಾತ್ರಿಯಿಡೀ ಬೆಳೆದ ಕಲ್ಚರ್ ಬಳಸಲೇಬೇಡಿ. ಆಹಾರ ಮುಗಿದ ಇ. ಕೋಲಿಯಲ್ಲಿ ಆರ್‌ಎಂಎಫ್ ಮತ್ತು ಎಚ್‌ಪಿಎಫ್ ಎಂಬ ಪ್ರೋಟೀನ್‌ಗಳು ಎರಡೆರಡು 70ಎಸ್ ಕಣಗಳನ್ನು ಜೋಡಿಸಿ 100ಎಸ್ ಎಂಬ ನಿದ್ರಾವಸ್ಥೆಯ ಜೋಡಿ ಮಾಡುತ್ತವೆ. ಗ್ರೇಡಿಯೆಂಟಿನಲ್ಲಿ (ತಳಕ್ಕೆ ಹೋದಂತೆ ದಟ್ಟವಾಗುವ ಸುಕ್ರೋಸ್ ದ್ರಾವಣ) ಅದು ಪಾಲಿಸೋಮಿನಂತೆಯೇ (ಒಂದೇ ಎಂಆರ್‌ಎನ್‌ಎ ಮೇಲೆ ಸಾಲಾಗಿ ಕೂತ ಹಲವು ರೈಬೋಸೋಮ್‌ಗಳು) ಕಾಣುತ್ತದೆ, ಆದರೆ ಅನುವಾದ (ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವುದು) ಮಾತ್ರ ನಡೆಯುತ್ತಿರುವುದಿಲ್ಲ. ಹಸಿದ ಯೀಸ್ಟಿನಲ್ಲಿ ಆಗುವುದು ಬೇರೆ: ಎಸ್‌ಟಿಎಂ1 ಎಂಬ ಪ್ರೋಟೀನ್ ಎಂಆರ್‌ಎನ್‌ಎ ಇಲ್ಲದ 80ಎಸ್ ಕಣಗಳನ್ನು ಬಿಗಿಹಿಡಿಯುತ್ತದೆ. ಪಾಲಿಸೋಮ್ ಕರಗಿ, 80ಎಸ್ ಪೀಕ್ ಒಂದೇ ಬೆಟ್ಟದಂತೆ ಎದ್ದಿರುತ್ತದೆ.

ನಿಲ್ಲಿಸುವ ಔಷಧ ಅದಲುಬದಲಾಗಬಾರದು. ಇ. ಕೋಲಿಗೆ ಕ್ಲೋರಾಂಫೆನಿಕಾಲ್, ಯೀಸ್ಟ್‌ಗೆ ಸೈಕ್ಲೋಹೆಕ್ಸಿಮೈಡ್, ಎರಡೂ ಮಿ.ಲೀ.ಗೆ 100 ಮೈಕ್ರೋಗ್ರಾಂ. ಕ್ಲೋರಾಂಫೆನಿಕಾಲ್ 50ಎಸ್‌ನ ಪೆಪ್ಟೈಡ್ ಬೆಸೆಯುವ ಜಾಗದಲ್ಲಿ ಕೂರುತ್ತದೆ. ಸೈಕ್ಲೋಹೆಕ್ಸಿಮೈಡ್ ಕೂರುವುದು 60ಎಸ್‌ನ ಇ-ತಾಣದಲ್ಲಿ (ಕೆಲಸ ಮುಗಿದ ಟಿಆರ್‌ಎನ್‌ಎ ಹೊರಬೀಳುವ ಜಾಗ), ಇಎಲ್42 ಪ್ರೋಟೀನಿನ ಪಕ್ಕ. ಆ ಪ್ರೋಟೀನ್ ಬ್ಯಾಕ್ಟೀರಿಯಾದಲ್ಲಿ ಇಲ್ಲವೇ ಇಲ್ಲ. ಯೀಸ್ಟಿನಲ್ಲೂ ಅದರ 56ನೇ ಪ್ರೋಲಿನ್ ಬದಲಾಗಿ ಗ್ಲುಟಮಿನ್ ಬಂದರೆ ಔಷಧ ಹಿಡಿಯುವುದಿಲ್ಲ.

ಇ. ಕೋಲಿ ಕಲ್ಚರನ್ನು ಕ್ಲೋರಾಂಫೆನಿಕಾಲ್ ಬೆರೆತ ಪುಡಿ ಐಸ್ ಮೇಲೆ ಒಮ್ಮೆಲೇ ಸುರಿಯಿರಿ. ಯೀಸ್ಟಿಗೆ ಔಷಧ ಹಾಕಿ, ಐಸ್‌ನಲ್ಲಿಟ್ಟು, ನಂತರ ಪೆಲೆಟ್ ಮಾಡಿ (ತಿರುಗಿಸಿ ಕೋಶಗಳನ್ನು ತಳಕ್ಕೆ ಕೂರಿಸಿ): 4 ಡಿಗ್ರಿ, 5,000 ಜಿ, 5ರಿಂದ 10 ನಿಮಿಷ. ಔಷಧವಿಲ್ಲದೆ ನಿಧಾನವಾಗಿ ತಿರುಗಿಸಿದರೆ ಪೆಲೆಟ್‌ನಲ್ಲಿ ಗ್ಲೂಕೋಸ್ ಸಿಗದ ಯೀಸ್ಟ್ ಒಂದೆರಡು ನಿಮಿಷದಲ್ಲೇ ಹೊಸ ಅನುವಾದ ಆರಂಭಿಸುವುದನ್ನು ನಿಲ್ಲಿಸುತ್ತದೆ, ಪಾಲಿಸೋಮ್ ಖಾಲಿಯಾಗುತ್ತದೆ. ಸೈಕ್ಲೋಹೆಕ್ಸಿಮೈಡ್ ನಮಗೂ ವಿಷ. ಪುಡಿ ತೂಗುವಾಗ ಕೈಗವಸು, ಮಾಸ್ಕ್ ಎರಡೂ ಇರಲಿ.

ಬಫರ್, ಮತ್ತು ಮೆಗ್ನೀಷಿಯಂ ಎಂಬ ಕೀಲಿಕೈ

ಇ. ಕೋಲಿ ಬಫರ್: ಟ್ರಿಸ್ 20 ಮಿಲಿಮೋಲಾರ್, ಪಿಎಚ್ 7.5, ಮೆಗ್ನೀಷಿಯಂ ಕ್ಲೋರೈಡ್ 10, ಅಮೋನಿಯಂ ಕ್ಲೋರೈಡ್ 100, ಬೀಟಾ-ಮರ್ಕ್ಯಾಪ್ಟೊಎಥನಾಲ್ 6, ಬಳಸುವ ದಿನವೇ ಹಾಕಬೇಕು. ಯೀಸ್ಟ್ ಬಫರ್: ಟ್ರಿಸ್ 20, ಪೊಟ್ಯಾಷಿಯಂ ಕ್ಲೋರೈಡ್ 140, ಮೆಗ್ನೀಷಿಯಂ ಕ್ಲೋರೈಡ್ 5, ಡಿಟಿಟಿ 1 ಮಿಲಿಮೋಲಾರ್, ಜೊತೆಗೆ ಸೈಕ್ಲೋಹೆಕ್ಸಿಮೈಡ್ 100 ಮೈಕ್ರೋಗ್ರಾಂ ಮತ್ತು ಆರ್‌ಎನೇಸ್ (ಆರ್‌ಎನ್‌ಎ ಕತ್ತರಿಸುವ ಎಂಜೈಮ್) ತಡೆಕಾರಕ. ಹೆಪಾರಿನ್ ಅಗ್ಗದ ತಡೆಕಾರಕ, ಆದರೆ ಮುಂದೆ ಸಿಡಿಎನ್‌ಎ ಮಾಡುವುದಿದ್ದರೆ ಅದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು ತಡೆಯುತ್ತದೆ. ಆರ್‌ಎನ್‌ಎಯನ್ನು ಲಿಥಿಯಂ ಕ್ಲೋರೈಡಿನಲ್ಲಿ ಇಳಿಸಿ ಅದನ್ನು ಕಳೆಯಬೇಕಾಗುತ್ತದೆ.

ಇಲ್ಲಿ ಕೈಕೊಡುವ ಎರಡು ಸಂಗತಿಗಳಿವೆ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿ ತಣಿದಂತೆ ಸುಮಾರು 0.028ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 7.5ಕ್ಕೆ ಹೊಂದಿಸಿದ ಬಫರ್ 4 ಡಿಗ್ರಿಯ ಕೋಣೆಯಲ್ಲಿ 8.1ರ ಹತ್ತಿರ ಇರುತ್ತದೆ. ಆದ್ದರಿಂದ ತಣ್ಣಗಿರುವಾಗಲೇ ಪಿಎಚ್ ಹೊಂದಿಸಿ, ಇಲ್ಲವೇ ಹೆಪಿಸ್ ಬಳಸಿ. ಎರಡನೆಯದು ಆರ್‌ಎನೇಸನ್ನು ಕೆಡಿಸಲು ಹಾಕುವ ರಾಸಾಯನಿಕ ಡಿಇಪಿಸಿ: ಟ್ರಿಸ್ ಅದರೊಂದಿಗೆ ವರ್ತಿಸಿ ಅದನ್ನು ಮುಗಿಸಿಬಿಡುತ್ತದೆ. ನೀರಿಗೆ ಮಾತ್ರ ಡಿಇಪಿಸಿ ಹಾಕಿ, ಆಟೊಕ್ಲೇವ್ ಮಾಡಿ, ಆಮೇಲೆ ಟ್ರಿಸ್ ಕರಗಿಸಿ.

ಇನ್ನು ಮೆಗ್ನೀಷಿಯಂ. ಎರಡು ಘಟಕಗಳ ಋಣ ವಿದ್ಯುದಂಶದ ಆರ್‌ಎನ್‌ಎ ಮೇಲ್ಮೈಗಳು ಒಂದನ್ನೊಂದು ದೂಡದಂತೆ ನಡುವೆ ನಿಲ್ಲುವುದು ಈ ಅಯಾನ್. ಇ. ಕೋಲಿ ಲೈಸೇಟನ್ನು (ಕೋಶ ಒಡೆದು ಬಂದ ದ್ರವ) 10 ಮಿಲಿಮೋಲಾರ್ ಮೆಗ್ನೀಷಿಯಂನಲ್ಲಿ ಓಡಿಸಿದರೆ 70ಎಸ್ ಪೀಕ್ ಬರುತ್ತದೆ. ಅದೇ ಲೈಸೇಟ್ 1 ಮಿಲಿಮೋಲಾರ್‌ನಲ್ಲಿ 30ಎಸ್ ಮತ್ತು 50ಎಸ್ ಆಗಿ ಒಡೆಯುತ್ತದೆ. ಯೀಸ್ಟಿನ 80ಎಸ್ ಒಡೆಯಲು ಸಾಮಾನ್ಯವಾಗಿ ಹಿಡಿಯುವ ದಾರಿ ಬೇರೆ: ಪೊಟ್ಯಾಷಿಯಂ ಕ್ಲೋರೈಡನ್ನು 500 ಮಿಲಿಮೋಲಾರ್‌ಗೆ ಏರಿಸಿ, 1 ಮಿಲಿಮೋಲಾರ್ ಪ್ಯೂರೊಮೈಸಿನ್ ಕೊಟ್ಟು ಬೆಳೆಯುತ್ತಿರುವ ಪೆಪ್ಟೈಡ್ ಸರಪಣಿಯನ್ನು ಬಿಡಿಸಬೇಕು. ಪ್ಯೂರೊಮೈಸಿನ್ ಇಲ್ಲದೆ ಉಪ್ಪು ಮಾತ್ರ ಏರಿಸಿದರೆ ಖಾಲಿ 80ಎಸ್ ಒಡೆಯುತ್ತದೆ, ಎಂಆರ್‌ಎನ್‌ಎ ಹಿಡಿದದ್ದು ಹಾಗೆಯೇ ಉಳಿಯುತ್ತದೆ. ಹಸಿದ ಯೀಸ್ಟನ್ನು ಗುರುತಿಸಲು ಇದು ಒಳ್ಳೆಯ ಪರೀಕ್ಷೆ. ಸೈಕ್ಲೋಹೆಕ್ಸಿಮೈಡ್ ಹಾಕಿದ ಲೈಸೇಟಿನಲ್ಲಿ ಪ್ಯೂರೊಮೈಸಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆ ಭಾಗಕ್ಕೆ ಔಷಧವಿಲ್ಲದ ಕಲ್ಚರ್ ಪ್ರತ್ಯೇಕವಾಗಿ ತೆಗೆದಿಡಿ.

ಲೈಸೇಟಿನಲ್ಲಿ ಮಾತ್ರ ಮೆಗ್ನೀಷಿಯಂ ಇಳಿಸುತ್ತಾ ಗ್ರೇಡಿಯೆಂಟಿನಲ್ಲಿ 10 ಮಿಲಿಮೋಲಾರ್ ಹಾಗೆಯೇ ಉಳಿಸುವುದು ಸಾಮಾನ್ಯ ತಪ್ಪು. ಕಣ ಮೂರು ಗಂಟೆ ಕಳೆಯುವುದು ಗ್ರೇಡಿಯೆಂಟಿನಲ್ಲಿ. ಅಲ್ಲಿನ ಮೆಗ್ನೀಷಿಯಂ ಘಟಕಗಳನ್ನು ಮತ್ತೆ ಜೋಡಿಸಿ 70ಎಸ್ ತೋರಿಸಿಬಿಡುತ್ತದೆ. ಇಡಿಟಿಎ ಹಾಕುವ ಅಭ್ಯಾಸವಿದ್ದರೆ ಅದು ಒಂದಕ್ಕೊಂದರಂತೆ ಮೆಗ್ನೀಷಿಯಂ ನುಂಗುತ್ತದೆ ಎಂಬ ಲೆಕ್ಕವೂ ಇರಲಿ; ಎಟಿಪಿ, ಜಿಟಿಪಿ ಕೂಡ ಅಷ್ಟೇ. ‘ಹೆಚ್ಚಿದ್ದರೆ ಒಳ್ಳೆಯದು’ ಎಂದು 20 ಮಿಲಿಮೋಲಾರ್ ದಾಟಿದರೆ ಕೋಶದೊಳಗೆ ಜೋಡಿಯಾಗಿರದ ಘಟಕಗಳೂ ಜೋಡಿಯಾಗುತ್ತವೆ.

ಕೋಶ ಒಡೆಯುವುದು

ಇ. ಕೋಲಿ ಪೆಲೆಟನ್ನು 0.5 ಮಿ.ಲೀ. ಬಫರಿನಲ್ಲಿ ಕದಡಿ, ಲೈಸೋಜೈಮ್ ಮಿ.ಲೀ.ಗೆ 1 ಮಿ.ಗ್ರಾಂ ಹಾಕಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಐಸ್‌ನೀರಿನಲ್ಲಿ ಕರಗಿಸಿ. ಇದನ್ನು ಎರಡು ಸಲ ಮಾಡಿ. ಆಮೇಲೆ ಸೋಡಿಯಂ ಡಿಆಕ್ಸಿಕೋಲೇಟ್ ಶೇ 0.3ರಷ್ಟು ಮತ್ತು ಆರ್‌ಎನೇಸ್ ಇಲ್ಲದ ಡಿಎನೇಸ್ ಹಾಕಿ. ಡಿಎನೇಸ್ ಬಿಡುವಂತಿಲ್ಲ. ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರದ ಪೊರೆ ಇಲ್ಲ. ಡಿಎನ್‌ಎಯಿಂದ ಎಂಆರ್‌ಎನ್‌ಎ ಹೊರಬರುತ್ತಿರುವಾಗಲೇ ರೈಬೋಸೋಮ್ ಅದನ್ನು ಹಿಡಿದಿರುತ್ತದೆ. ಡಿಎನ್‌ಎ ಕತ್ತರಿಸದಿದ್ದರೆ ಲೈಸೇಟ್ ಲೋಳೆಯಾಗಿ, ಪಾಲಿಸೋಮಿನ ಒಂದು ಪಾಲು ಕಸದೊಂದಿಗೆ ತಳ ಸೇರುತ್ತದೆ. ಯೀಸ್ಟಿನಲ್ಲಿ ಡಿಎನ್‌ಎ ಕೋಶಕೇಂದ್ರದಲ್ಲೇ ಉಳಿಯುವುದರಿಂದ ಈ ತಾಪತ್ರಯ ಕಡಿಮೆ.

ಯೀಸ್ಟಿನ ಗೋಡೆ ಮುಖ್ಯವಾಗಿ ಗ್ಲೂಕನ್ ಮತ್ತು ಮ್ಯಾನೊಪ್ರೋಟೀನ್, ಅದರ ಮೇಲೆ ಲೈಸೋಜೈಮ್ ಕೆಲಸ ಮಾಡದು. 0.5 ಮಿ.ಮೀ. ಗಾಜಿನ ಮಣಿಗಳನ್ನು ಪೆಲೆಟ್‌ನಷ್ಟೇ ಗಾತ್ರ ಹಾಕಿ, 30 ಸೆಕೆಂಡ್ ವೋರ್ಟೆಕ್ಸ್, ಒಂದು ನಿಮಿಷ ಐಸ್, ಹೀಗೆ ಆರರಿಂದ ಎಂಟು ಸುತ್ತು. ಐಸ್ ತಪ್ಪಿಸಿ ಒಂದೇ ಸಮನೆ ಅಲುಗಿಸಿದರೆ ಬಿಸಿಯಾಗಿ ಆರ್‌ಎನೇಸ್‌ಗೆ ಹಬ್ಬ. ಸಾನಿಕೇಟರ್ ಎರಡಕ್ಕೂ ಬೇಡ, ಪಾಲಿಸೋಮ್ ತುಂಡಾಗುತ್ತದೆ. ಎರಡೂ ಲೈಸೇಟನ್ನು 4 ಡಿಗ್ರಿಯಲ್ಲಿ 10,000 ಜಿ ಬಲದಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಳ್ಳಿ.

ಗ್ರೇಡಿಯೆಂಟ್

ಆಯಾ ಬಫರಿನಲ್ಲೇ ಶೇ 10, 20, 30, 40 ಸುಕ್ರೋಸ್ ದ್ರಾವಣ ಮಾಡಿ. ಸುಕ್ರೋಸ್ ಆರ್‌ಎನೇಸ್ ಇಲ್ಲದ ದರ್ಜೆಯದೇ ಆಗಬೇಕು. ಎಸ್‌ಡಬ್ಲ್ಯೂ41 ರೋಟರಿನ ಟ್ಯೂಬಿಗೆ ದಟ್ಟವಾದದ್ದು ತಳದಲ್ಲಿರುವಂತೆ ಪದರ ಪದರವಾಗಿ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡದಂತೆ ಇಟ್ಟರೆ ಪದರಗಳು ಬೆರೆತು ನಯವಾದ ಗ್ರೇಡಿಯೆಂಟ್ ಆಗುತ್ತದೆ.

ಎ260 (260 ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣ) ಅಳೆದು 5ರಿಂದ 10 ಯುನಿಟ್, 0.5 ಮಿ.ಲೀ. ಮೀರದಂತೆ ಮೇಲೆ ಇಳಿಸಿ. ಒಂದು ಎ260 ಯುನಿಟ್‌ನಲ್ಲಿ 70ಎಸ್ ಸುಮಾರು 24 ಪಿಕೊಮೋಲ್ ಇರುತ್ತದೆ, 80ಎಸ್ ಆದರೆ 18ರಿಂದ 20. ಸಮಾನ ಎ260 ಎಂದರೆ ಸಮಾನ ಸಂಖ್ಯೆಯ ರೈಬೋಸೋಮ್ ಅಲ್ಲ ಎಂಬುದನ್ನು ಪೀಕ್ ಹೋಲಿಸುವಾಗ ಮರೆಯಬಾರದು. ಲೈಸೇಟಿನಲ್ಲಿ ಟಿಆರ್‌ಎನ್‌ಎಯಂಥ ಬೇರೆ ಆರ್‌ಎನ್‌ಎಯೂ ಇರುವುದರಿಂದ ಈ ಲೆಕ್ಕ ಶುದ್ಧ ರೈಬೋಸೋಮಿಗೆ ಮಾತ್ರ ಸರಿ ಹೊಂದುತ್ತದೆ.

ಎದುರು ಬದುರು ಟ್ಯೂಬುಗಳ ತೂಕ ಸರಿದೂಗಿಸಿ, 35,000 ಆರ್‌ಪಿಎಂನಲ್ಲಿ 3 ಗಂಟೆ, 4 ಡಿಗ್ರಿ. ಸರಾಸರಿ ಬಲ ಸುಮಾರು 1,50,000 ಜಿ. ನಿಲ್ಲಿಸುವಾಗ ಬ್ರೇಕ್ ಹಾಕಬೇಡಿ. ಗಕ್ಕನೆ ನಿಂತರೆ ಟ್ಯೂಬಿನೊಳಗೆ ಸುಳಿಯೆದ್ದು ಪೀಕ್‌ಗಳು ಕಲಸಿಹೋಗುತ್ತವೆ. 254 ನ್ಯಾನೊಮೀಟರ್ ಯುವಿ ಮಾನಿಟರಿನ ಮೂಲಕ ಹಾಯಿಸಿ 0.5 ಮಿ.ಲೀ. ಭಾಗಗಳಾಗಿ ಹಿಡಿಯಿರಿ.

ಮೇಲಿನಿಂದ ಓದಿದರೆ ಇ. ಕೋಲಿಯಲ್ಲಿ ಮೊದಲು ಟಿಆರ್‌ಎನ್‌ಎ ಮುಂತಾದವುಗಳ ದೊಡ್ಡ ದಿಬ್ಬ, ಆಮೇಲೆ 30ಎಸ್, 50ಎಸ್, 70ಎಸ್, ನಂತರ ಎರಡು, ಮೂರು ರೈಬೋಸೋಮ್‌ಗಳ ಪಾಲಿಸೋಮ್. ಯೀಸ್ಟಿನಲ್ಲಿ 40ಎಸ್, 60ಎಸ್, 80ಎಸ್ ಅದೇ ಕ್ರಮದಲ್ಲಿ, ಪ್ರತಿಯೊಂದೂ ತನ್ನ ಬ್ಯಾಕ್ಟೀರಿಯಾ ಜೋಡಿಗಿಂತ ತುಸು ಆಳದಲ್ಲಿ. ಈ ‘ತುಸು’ ಮುಖ್ಯ. 50ಎಸ್ ಮತ್ತು 60ಎಸ್‌ನ ಅಂತರ ಚಿಕ್ಕದು, ಒಂದು ಟ್ಯೂಬನ್ನಷ್ಟೇ ನೋಡಿ ಹೆಸರಿಡಲು ಹೋಗಬೇಡಿ. ಎರಡನ್ನೂ ಒಂದೇ ಓಟದಲ್ಲಿ ಇಟ್ಟಿದ್ದಕ್ಕೆ ಕಾರಣವೇ ಇದು. ಮೂರನೇ ಟ್ಯೂಬಿನಲ್ಲಿ 30 ಮಿಲಿಮೋಲಾರ್ ಇಡಿಟಿಎ ಹಾಕಿದ ಲೈಸೇಟನ್ನು, ಮೆಗ್ನೀಷಿಯಂ ಬದಲು ಇಡಿಟಿಎ ಇರುವ ಗ್ರೇಡಿಯೆಂಟಿನಲ್ಲಿ ಓಡಿಸಿ. ಆಳದಲ್ಲಿದ್ದ ಪೀಕ್‌ಗಳೆಲ್ಲ ಮಾಯವಾಗಿ ಮೇಲೆ ಬಂದರೆ ಅವು ನಿಜಕ್ಕೂ ರೈಬೋಸೋಮ್‌ಗಳೇ. ಇಡಿಟಿಎಯಲ್ಲಿ ಘಟಕಗಳು ಸಡಿಲವಾಗಿ ಬಿಚ್ಚಿಕೊಳ್ಳುವುದರಿಂದ ಅವು ಇನ್ನೂ ಮೇಲೆ ನಿಂತಾವು, ಗಾಬರಿ ಬೇಡ.

ಆರ್‌ಎನ್‌ಎ ನೋಡಿ ಖಚಿತಪಡಿಸುವುದು

ಪೀಕ್ ಇರುವ ಜಾಗ ಸುಳಿವು ಮಾತ್ರ, ಆರ್‌ಎನ್‌ಎ ಪುರಾವೆ. ಭಾಗಗಳನ್ನು ಮೊದಲು ಎರಡು ಪಟ್ಟು ನೀರು ಬೆರೆಸಿ ತೆಳುಮಾಡಿ, ಇಲ್ಲದಿದ್ದರೆ ಎಥನಾಲ್ ಹಾಕಿದಾಗ ಸುಕ್ರೋಸ್ ಪಾಕದಂತೆ ಆರ್‌ಎನ್‌ಎ ಜೊತೆ ತಳಕ್ಕಿಳಿಯುತ್ತದೆ. ಆಮ್ಲೀಯ ಫಿನಾಲಿನಿಂದ ಆರ್‌ಎನ್‌ಎ ತೆಗೆದು, ಫಾರ್ಮಮೈಡ್ ಬಫರಿನಲ್ಲಿ 65ರಿಂದ 70 ಡಿಗ್ರಿಯಲ್ಲಿ 5 ನಿಮಿಷ ಬಿಸಿಮಾಡಿ, ಐಸ್‌ಗೆ ಹಾಕಿ, ಶೇ 1.2ರ ಅಗರೋಸ್ ಜೆಲ್ಲಿನಲ್ಲಿ 1 ಮೈಕ್ರೋಗ್ರಾಂನಂತೆ ಓಡಿಸಿ. 50ಎಸ್ ಭಾಗದಲ್ಲಿ 23ಎಸ್, 30ಎಸ್ ಭಾಗದಲ್ಲಿ 16ಎಸ್, 70ಎಸ್‌ನಲ್ಲಿ ಎರಡೂ. ಪೂರ್ಣ ರೈಬೋಸೋಮಿನಲ್ಲಿ ದೊಡ್ಡ ಬ್ಯಾಂಡ್ ಚಿಕ್ಕದರ ಸುಮಾರು ಎರಡು ಪಟ್ಟು ಗಾಢವಾಗಿರಬೇಕು. 2,904ನ್ನು 1,542ರಿಂದ ಭಾಗಿಸಿದರೆ 1.9. ಯೀಸ್ಟಿಗೂ ಹೆಚ್ಚುಕಡಿಮೆ ಅದೇ ಅನುಪಾತ.

ಎರಡನ್ನೂ ತಪ್ಪಿಲ್ಲದೆ ಬೇರ್ಪಡಿಸುವ ಗುರುತು ದೊಡ್ಡ ಬ್ಯಾಂಡುಗಳಿಗಿಂತ ಚಿಕ್ಕದರಲ್ಲಿ ಸಿಗುತ್ತದೆ: 158 ನ್ಯೂಕ್ಲಿಯೊಟೈಡ್‌ಗಳ 5.8ಎಸ್. ಬ್ಯಾಕ್ಟೀರಿಯಾದಲ್ಲಿ ಅದಕ್ಕೆ ಸಮನಾದ ಅನುಕ್ರಮ 23ಎಸ್‌ನ ಆರಂಭದ ತುದಿಯಲ್ಲೇ ಸೇರಿಕೊಂಡಿದೆ. ಯೂಕ್ಯಾರಿಯೋಟ್‌ಗಳಲ್ಲಿ ಅದು ಬೇರೆ ತುಂಡು. ಶೇ 8ರ ಯೂರಿಯಾ ಪಾಲಿಅಕ್ರಿಲಮೈಡ್ ಜೆಲ್ಲಿನಲ್ಲಿ ಯೀಸ್ಟ್ ಮಾದರಿ 5.8ಎಸ್, 5ಎಸ್, ಕೆಳಗೆ ಟಿಆರ್‌ಎನ್‌ಎ ಎಂದು ಮೆಟ್ಟಿಲು ತೋರಿಸುತ್ತದೆ, ಇ. ಕೋಲಿಯಲ್ಲಿ ಮೇಲಿನ ಮೆಟ್ಟಿಲು ಇರುವುದಿಲ್ಲ. ಆದರೆ 5.8ಎಸ್ ತನ್ನ 25ಎಸ್‌ನೊಂದಿಗೆ ಜೋಡಿ ಬೇಸ್‌ಗಳಿಂದ ಬಿಗಿದುಕೊಂಡಿರುತ್ತದೆ. ಬಿಸಿ ಮಾಡದೆ ಓಡಿಸಿದರೆ ಅದು 25ಎಸ್ ಜೊತೆ ಬಾವಿಯ ಬಾಯಲ್ಲೇ ಉಳಿದು, ‘ಯೀಸ್ಟಿನಲ್ಲಿ 5.8ಎಸ್ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ತಳ್ಳುತ್ತದೆ. ಬಿಸಿ ಮಾಡಿ ನಿಧಾನವಾಗಿ ತಣಿಸಿದರೂ ಮತ್ತೆ ಜೋಡಿಕೊಳ್ಳುತ್ತದೆ. ನೇರ ಐಸ್‌ಗೆ ಹಾಕಬೇಕು ಎಂದದ್ದು ಇದಕ್ಕೇ.

ಬೇರೆ ಜೀವಿಗಳಿಗೆ ಹೋದಾಗ ಇದೇ ಬಿಸಿ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ರೇಷ್ಮೆ ಹುಳುವಿನ ಆರ್‌ಎನ್‌ಎ ತೆಗೆಯುವವರಿಗೆ, ನಮ್ಮಲ್ಲಿ ಅಂಥ ಪ್ರಯೋಗಾಲಯಗಳು ಕಡಿಮೆಯಿಲ್ಲ, 28ಎಸ್ ಬ್ಯಾಂಡ್ ಕಾಣದೆ 18ಎಸ್ ಒಂದೇ ಕಾಣುವುದುಂಟು. ಮಾದರಿ ಕೆಟ್ಟಿದೆ ಎಂದು ಎಸೆಯಬೇಡಿ. ರೇಷ್ಮೆ ಹುಳು ಸೇರಿದಂತೆ ಅನೇಕ ಕೀಟಗಳ 28ಎಸ್ ನಡುವೆ ಸಹಜವಾಗಿಯೇ ಕಡಿತವಿದೆ. ಬಿಸಿ ಮಾಡಿದಾಗ ಎರಡು ಹೋಳಾಗಿ, ಎರಡೂ 18ಎಸ್‌ನ ಹತ್ತಿರವೇ ಓಡುತ್ತವೆ. ಬಿಸಿ ಮಾಡದ ಮಾದರಿಯನ್ನು ಪಕ್ಕದಲ್ಲಿ ಓಡಿಸಿದರೆ 28ಎಸ್ ಮರಳಿ ಕಾಣುತ್ತದೆ. ಎಲೆಯ ಆರ್‌ಎನ್‌ಎಯಲ್ಲಿ ಸಮಸ್ಯೆ ತಿರುವುಮುರುವು, ಬ್ಯಾಂಡುಗಳು ಹೆಚ್ಚು: ಕೋಶದ 25ಎಸ್, 18ಎಸ್ ಜೊತೆಗೆ ಕ್ಲೋರೋಪ್ಲಾಸ್ಟಿನ 23ಎಸ್, 16ಎಸ್ ಮತ್ತು ಅವುಗಳ ತುಂಡುಗಳು. ಅದು ಬ್ಯಾಕ್ಟೀರಿಯಾ ಸೋಂಕು ಅಲ್ಲ, ಕ್ಲೋರೋಪ್ಲಾಸ್ಟಿನ ರೈಬೋಸೋಮೇ 70ಎಸ್.

ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದೆ

ಎಲ್‌ಬಿ ತಟ್ಟೆಯಲ್ಲಿ ಇ. ಕೋಲಿ, ವೈಪಿಡಿ ತಟ್ಟೆಯಲ್ಲಿ ಯೀಸ್ಟ್ ಹರಡಿ. ಪ್ರತಿ ತಟ್ಟೆಯ ಮೇಲೆ 30 ಮೈಕ್ರೋಗ್ರಾಂ ಕ್ಲೋರಾಂಫೆನಿಕಾಲ್ ಡಿಸ್ಕ್, 10 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಡಿಸ್ಕ್, ಎಥನಾಲ್ ಒಣಗಿಸಿದ ಖಾಲಿ ಡಿಸ್ಕ್ ಇಡಿ. ಇ. ಕೋಲಿ ಮೊದಲನೆಯದರ ಸುತ್ತ ಮಾತ್ರ ಬೆಳೆಯುವುದಿಲ್ಲ, ಯೀಸ್ಟ್ ಎರಡನೆಯದರ ಸುತ್ತ ಮಾತ್ರ. ತಳಿ ನೋಡಿ ಆರಿಸಿಕೊಳ್ಳಿ. ಪಿಲೈಸ್‌ಎಸ್ ಪ್ಲಾಸ್ಮಿಡ್ ಇರುವ ಅಥವಾ ರೊಸೆಟಾ ಇ. ಕೋಲಿ ತಳಿಗಳು ಕ್ಲೋರಾಂಫೆನಿಕಾಲ್‌ಗೆ ಬಗ್ಗುವುದಿಲ್ಲ. ಅವುಗಳ ರೈಬೋಸೋಮ್ ಬದಲಾಗಿಲ್ಲ, ಪ್ಲಾಸ್ಮಿಡ್ ಕೊಟ್ಟ ಎಂಜೈಮ್ ಔಷಧವನ್ನೇ ಕೆಡಿಸುತ್ತದೆ. ಕ್ಲುವೆರೋಮೈಸಿಸ್ ಲ್ಯಾಕ್ಟಿಸ್‌ನಂಥ ಯೀಸ್ಟ್‌ಗಳು ಹುಟ್ಟಿನಿಂದಲೇ ಸೈಕ್ಲೋಹೆಕ್ಸಿಮೈಡ್ ಸಹಿಸುತ್ತವೆ.

ಎರಿಥ್ರೋಮೈಸಿನ್ ಬಗ್ಗೆ ವಿದ್ಯಾರ್ಥಿಗಳು ಕೇಳಿದರೆ ಹೇಳಬೇಕಾದ ಒಂದು ಅಕ್ಷರವಿದೆ. 23ಎಸ್‌ನ 2058ನೇ ಸ್ಥಾನದಲ್ಲಿ ಬ್ಯಾಕ್ಟೀರಿಯಾಕ್ಕೆ ಅಡೆನಿನ್, ಯೂಕ್ಯಾರಿಯೋಟ್‌ಗಳಲ್ಲಿ ಅದೇ ಸ್ಥಾನಕ್ಕೆ ಗ್ವಾನಿನ್. ಔಷಧ ನಮ್ಮ 80ಎಸ್ ಬಿಟ್ಟು ಅವುಗಳ 70ಎಸ್ ಹಿಡಿಯುವುದು ಬಹುಮಟ್ಟಿಗೆ ಈ ಬದಲಾವಣೆಯಿಂದ. ಆದರೆ ಇ. ಕೋಲಿ ತಟ್ಟೆಯಲ್ಲಿ ಇದನ್ನು ತೋರಿಸಲು ಹೋಗಬೇಡಿ. ಅದರ ಹೊರಪೊರೆ ಎರಿಥ್ರೋಮೈಸಿನನ್ನು ಸುಲಭವಾಗಿ ಒಳಬಿಡುವುದಿಲ್ಲ, ವಲಯ ಚಿಕ್ಕದಾಗಿ ಗೊಂದಲವಾಗುತ್ತದೆ.

ಯೀಸ್ಟ್ ಕೋಶದೊಳಗೂ ಬ್ಯಾಕ್ಟೀರಿಯಾ ಮಾದರಿಯ ರೈಬೋಸೋಮ್ ಇದೆ ಎಂದು ತೋರಿಸಬಹುದು. ಅದು ಮೈಟೊಕಾಂಡ್ರಿಯಾದ್ದು. ಗ್ಲೂಕೋಸಿನಲ್ಲಿ ಯೀಸ್ಟ್ ಹುದುಗಿಸಿಯೇ ಬದುಕಬಲ್ಲದು, ಗ್ಲಿಸರಾಲಿನಲ್ಲಿ ಉಸಿರಾಟವೇ ಬೇಕು, ಉಸಿರಾಟದ ಕೆಲವು ಪ್ರೋಟೀನ್‌ಗಳನ್ನು ಮೈಟೊಕಾಂಡ್ರಿಯಾದ ರೈಬೋಸೋಮೇ ಮಾಡಬೇಕು. ಶೇ 1 ಯೀಸ್ಟ್ ಎಕ್ಸ್‌ಟ್ರಾಕ್ಟ್, ಶೇ 2 ಪೆಪ್ಟೋನ್, ಶೇ 3 ಗ್ಲಿಸರಾಲ್ ಇರುವ ಅಗರಿನಲ್ಲಿ ಮಿ.ಲೀ.ಗೆ 2 ಮಿ.ಗ್ರಾಂ ಕ್ಲೋರಾಂಫೆನಿಕಾಲ್ ಪುಡಿಯನ್ನು ಬಿಸಿಯಿರುವಾಗಲೇ ಕರಗಿಸಿ. ಅದೇ ಪ್ರಮಾಣವನ್ನು ವೈಪಿಡಿ ತಟ್ಟೆಗೂ ಹಾಕಿ. ಒಂದೇ ಕಲ್ಚರನ್ನು ಹತ್ತುಪಟ್ಟು ತೆಳುಗೊಳಿಸುತ್ತಾ ಎರಡರ ಮೇಲೂ 5 ಮೈಕ್ರೋಲೀಟರ್ ಚುಕ್ಕಿ ಇಡಿ. ವೈಪಿಡಿಯಲ್ಲಿ ಚುಕ್ಕಿಗಳು ಬೆಳೆಯುತ್ತವೆ, ಗ್ಲಿಸರಾಲಿನಲ್ಲಿ ಬೆಳವಣಿಗೆ ಕುಗ್ಗುತ್ತದೆ. 30 ಮೈಕ್ರೋಗ್ರಾಂ ಡಿಸ್ಕಿನಿಂದ ಇದು ಕಾಣದು, ಔಷಧ ಅಷ್ಟು ಹೆಚ್ಚು ಬೇಕು. ಔಷಧವಿಲ್ಲದ ಗ್ಲಿಸರಾಲ್ ತಟ್ಟೆಯನ್ನೂ ಜೊತೆಗಿಟ್ಟು ಮೂರು ನಾಲ್ಕು ದಿನ ಕಾಯಿರಿ. ಗ್ಲಿಸರಾಲಿನಲ್ಲಿ ಯೀಸ್ಟ್ ಹೇಗೂ ನಿಧಾನ, ಎರಡನೇ ದಿನವೇ ನೋಡಿದರೆ ಆ ತಟ್ಟೆಯೂ ಖಾಲಿಯಾಗಿಯೇ ಕಾಣುತ್ತದೆ.